ತಮ್ಮ ಮುಂದಿನ ತಿಂಗಳು ಮೊದಲನೇ ಸಲ ಹಡಗು ಹತ್ತುತ್ತಿದ್ದಾನೆ, ಮನಸ್ಸಿನ ತಯಾರಿ ಬಗ್ಗೆ ಗೊತ್ತಿರೋರು ಹೇಳ್ತೀರಾ?

ಚನ್ನಗಿರಿ_ಅಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮರ್ಚೆಂಟ್ ನೇವಿಯವ್ರು ಸುಮಾರು ಜನ ಇದೀರ ಅಂತ ನೋಡಿ ಇವತ್ತೇ ಅಕೌಂಟ್ ಮಾಡ್ಕೊಂಡೆ. ನಮ್ದು ಚನ್ನಗಿರಿ ಹತ್ರ ಒಂದು ಹಳ್ಳಿ, ಅಡಿಕೆ ತೋಟ ಇದೆ, ನಮ್ಮ ಕಡೆ ಯಾರೂ ಇದುವರೆಗೂ ಸಮುದ್ರದ ಕೆಲಸಕ್ಕೆ ಹೋದವ್ರಿಲ್ಲ, ಮುರುಡೇಶ್ವರಕ್ಕೆ ಹೋದಾಗ ದಡದಲ್ಲಿ ನಿಂತು ನೋಡಿದ್ದು ಬಿಟ್ರೆ ನಮಗೆ ಸಮುದ್ರದ ಪರಿಚಯ ಇಲ್ಲ. ತಮ್ಮನಿಗೆ 19 ವರ್ಷ. ಐಎಂಯು ಸಿಇಟಿ ಅನ್ನೋ ಮೆರೈನ್ ಎಂಟ್ರೆನ್ಸ್ ಬರೆದು ಡಿಎನ್‌ಎಸ್ ಅಂತ ಹಡಗಿನ ಡಿಪ್ಲೊಮಾ ಒಂದು ವರ್ಷ ಮುಗಿಸಿದ, ಈಗ ಡೆಕ್ ಕ್ಯಾಡೆಟ್ (ಟ್ರೈನಿ ಆಫೀಸರ್) ಆಗಿ ಒಂದು ಬಲ್ಕ್ ಕ್ಯಾರಿಯರ್‌ಗೆ, ಅಂದ್ರೆ ಅದಿರು ಕಲ್ಲಿದ್ದಲು ಥರದ ಸರಕು ಸಾಗಿಸೋ ಹಡಗಿಗೆ, ಜಾಯ್ನಿಂಗ್ ಬಂದಿದೆ, ಮೆಡಿಕಲ್ ಎಲ್ಲ ಆಗಿದೆ, ಸಿಡಿಸಿ ಅಂತ ನಾವಿಕರಿಗೆ ಕೊಡೋ ಪುಸ್ತಕ ಕೈಗೆ ಬಂದಿದೆ.

ಮನೆಗೆ ಬಂದಾಗ ಅವನು ಟ್ರೈನಿಂಗ್ ವಿಡಿಯೋ ತೋರಿಸಿದ, ಲೈಫ್ ಜಾಕೆಟ್ ಹಾಕ್ಕೊಂಡು ಮೇಲಿಂದ ಪೂಲ್‌ಗೆ ಹಾರೋದು, ಮಗುಚಿದ ರಾಫ್ಟ್ ನೆಟ್ಟಗೆ ಮಾಡೋದು, ಹೊಗೆ ತುಂಬಿದ ರೂಮಲ್ಲಿ ಗೋಡೆ ಹಿಡ್ಕೊಂಡು ದಾರಿ ಹುಡುಕೋದು. ಅಪ್ಪ ಅಮ್ಮ ಖುಷಿಪಟ್ರು. ಆಮೇಲೆ ನಾನು ಸುಮ್ನೆ ಕೇಳ್ದೆ, ಹಡಗು ಮುಳುಗಿದ್ರೆ ಏನ್ ಮಾಡ್ಬೇಕು ಅಂತ ಇಷ್ಟೆಲ್ಲ ಹೇಳ್ಕೊಟ್ಟಿದಾರೆ, ನಿನ್ ಮನಸ್ಸು ಮುಳುಗಿದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ರಾ ಅಂತ. ಒಂದು ಕ್ಲಾಸ್ ಇತ್ತು ಅಕ್ಕ, ಊಟ ಆದ್ಮೇಲೆ, ಪಿಪಿಟಿ ಹಾಕಿದ್ರು, ಅರ್ಧ ಜನ ನಿದ್ದೆ ಮಾಡಿದ್ರು ಅಂದ.

ನನ್ ಭಯ ಏನಂದ್ರೆ ಅವನು ಏನೂ ಹೇಳ್ಕೊಳ್ಳೋ ಹುಡುಗ ಅಲ್ಲ. ಪಿಯುಸಿಲಿ ಹಾಸ್ಟೆಲಲ್ಲಿ ಜಾಂಡಿಸ್ ಆಗಿದ್ದು ನಮಗೆ ಗೊತ್ತಾಗಿದ್ದು ಹತ್ತು ದಿನ ಆದ್ಮೇಲೆ, ಅದೂ ಅವನ ರೂಂಮೇಟ್ ಫೋನ್ ಮಾಡಿ ಹೇಳಿದ್ದಕ್ಕೆ. ಈಗ ಒಂಬತ್ತು ತಿಂಗಳು, ಸುತ್ತ ನೀರು, ಯಾರೂ ಕನ್ನಡದವ್ರು ಇರ್ತಾರೋ ಇಲ್ವೋ. ರೂಂಮೇಟೂ ಇರಲ್ಲ, ಕ್ಯಾಡೆಟ್‌ಗೆ ಬೇರೆ ಕ್ಯಾಬಿನ್ ಅಂತೆ.

ಹೋಗೋ ಮುಂಚೆ ನಾವು ಏನ್ ಮಾಡ್ಬಹುದು, ಅಲ್ಲಿ ಕಷ್ಟ ಆದ್ರೆ ಯಾರಿಗೆ ಹೇಳ್ಬೇಕು, ನಿಜವಾಗ್ಲೂ ಸಹಾಯ ಸಿಗುತ್ತಾ ಅಥವಾ ಪೇಪರಲ್ಲಿ ಮಾತ್ರನಾ? ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

---

ಸೆಕೆಂಡ್_ಮೇಟ್_ಉಡುಪಿ

ಅಕ್ಕ, ನಾನು ಏಳು ವರ್ಷದಿಂದ ಸೈಲಿಂಗ್‌ನಲ್ಲಿದ್ದೇನೆ, ಈಗ ಲೀವಲ್ಲಿ ಮನೆಯಲ್ಲಿ ಉಂಟು. ನಿಮ್ಮ ತಮ್ಮ ಹೋಗುವ ಟೈಪಿನ ಹಡಗಲ್ಲೇ ನಾನೂ ಶುರು ಮಾಡಿದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ನನ್ನ ಫಸ್ಟ್ ಶಿಪ್ಪು ಬ್ರೆಜಿಲ್‌ನಿಂದ ಚೀನಾಕ್ಕೆ ಕಬ್ಬಿಣದ ಅದಿರು, ನಲವತ್ತು ದಿನಕ್ಕಿಂತ ಜಾಸ್ತಿ ಮಣ್ಣು ಕಾಣ್ಲಿಲ್ಲ. ಜನ ತಿಳ್ಕೊಂಡಿರುದು ಅಲೆ, ಬಿರುಗಾಳಿ, ವಾಂತಿ ಇದೇ ಕಷ್ಟ ಅಂತ. ವಾಂತಿ ಮೂರ್ನಾಲ್ಕು ದಿನಕ್ಕೆ ನಿಲ್ತದೆ. ನಂಗೆ ಕಷ್ಟ ಆದದ್ದು ಗಡಿಯಾರ. ಪೂರ್ವಕ್ಕೆ ಹೋಗುವಾಗ ಟೈಮ್ ಝೋನ್ ದಾಟಿದ ಹಾಗೆ ಗಡಿಯಾರ ಒಂದೊಂದು ಗಂಟೆ ಮುಂದೆ ಇಡ್ತಾರೆ, ಆ ದಿನಕ್ಕೆ 23 ಗಂಟೆ ಮಾತ್ರ. ಬ್ರೆಜಿಲ್‌ನಿಂದ ಚೀನಾಕ್ಕೆ ಹಾಗೆ ಒಟ್ಟು 11 ಗಂಟೆ ಹೋಯ್ತು, ಹೋದದ್ದು ಎಲ್ಲಿಂದ, ನಮ್ಮ ನಿದ್ದೆಯಿಂದಲೇ. ಒಂದು ಕಡೆ ನಿದ್ದೆ ಇಲ್ಲ, ಇನ್ನೊಂದು ಕಡೆ ಹೊಸ ಕೆಲಸ, ಎಂತ ಮಾಡಿದ್ರೂ ಬೈಗುಳ, ಮೂರನೇ ವಾರಕ್ಕೆ ನಾನು ಪೇಂಟ್ ಸ್ಟೋರಲ್ಲಿ ಡಬ್ಬದ ಮೇಲೆ ಕೂತು ಅತ್ತಿದ್ದೇನೆ. ಯಾಕೆ ಅಳ್ತಿದ್ದೇನೆ ಅಂತಲೂ ಗೊತ್ತಿರ್ಲಿಲ್ಲ.

ನೋಡಿದ್ದು ಬೋಸನ್, ಡೆಕ್ ಕೆಲಸದವ್ರ ಮುಖ್ಯಸ್ಥ. ರತ್ನಾಗಿರಿ ಕಡೆಯವ್ರು, ಐವತ್ತರ ಮೇಲೆ ವಯಸ್ಸು. ಅವ್ರು ಎಂತದೂ ಕೇಳ್ಲಿಲ್ಲ, ಬಾಗಿಲು ಮುಚ್ಚಿ ಹೋದ್ರು, ಆದ್ರೆ ಅವತ್ತಿಂದ ದಿನಾ ಸಂಜೆ ಕೆಲಸ ಮುಗಿದ ಮೇಲೆ ನನ್ನ ಕ್ಯಾಬಿನ್ ಬಾಗಿಲು ತಟ್ಟಿ ಚಹಾಕ್ಕೆ ಬಾ ಅಂತ ಕರ್ಕೊಂಡು ಹೋಗ್ತಿದ್ರು. ಹಿಂದಿನ ಡೆಕ್‌ನಲ್ಲಿ ಹಗ್ಗದ ಮೇಲೆ ಕೂತು ಚಹಾ. ಹೆಚ್ಚಿನ ದಿನ ಮಾತೇ ಇಲ್ಲ. ಆ ಹತ್ತು ನಿಮಿಷ ಇಲ್ಲದಿದ್ರೆ ನಾನು ಆ ಕಾಂಟ್ರಾಕ್ಟ್ ಮುಗಿಸ್ತಿದ್ದೆ ಅಂತ ನಂಗೆ ಅನಿಸುದಿಲ್ಲ.

ಹಾಗಾಗಿ ತಮ್ಮನಿಗೆ ಹೇಳಿ, ತಟ್ಟೆ ಹಿಡ್ಕೊಂಡು ಕ್ಯಾಬಿನ್‌ಗೆ ಹೋಗಿ ಊಟ ಮಾಡುದು ಬೇಡ, ಎಷ್ಟೇ ಸುಸ್ತಾಗ್ಲಿ ಮೆಸ್‌ರೂಮಲ್ಲಿ ಕೂತು ಊಟ ಮಾಡ್ಲಿ. ಚೀಫ್ ಕುಕ್ ಹತ್ರ, ಬೋಸನ್ ಹತ್ರ ಮೊದಲ ವಾರವೇ ಹೆಸರು ಹೇಳಿ ಪರಿಚಯ ಮಾಡ್ಕೊಳ್ಳಲಿ. ಭಾಷೆ ಬಗ್ಗೆ ಹೆದ್ರಿಕೆ ಬೇಡ, ಹಿಂದಿ ಇಂಗ್ಲಿಷ್ ಸ್ವಲ್ಪ ಬಂದ್ರೆ ಸಾಕು, ಫಿಲಿಪೈನ್ಸ್‌ನವ್ರು ಇದ್ರಂತೂ ಕ್ಯಾರಿಯೋಕೆ ಹಾಡ್ಸದೆ ಬಿಡುದಿಲ್ಲ.

ಇನ್ನು ನಿದ್ದೆ. ಎಂಎಲ್‌ಸಿ ಅಂತ ನಾವಿಕರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ ಉಂಟು, ಅದ್ರ ರೂಲ್ ಪ್ರಕಾರ 24 ಗಂಟೆಯಲ್ಲಿ ಕಮ್ಮಿ ಅಂದ್ರೆ 10 ಗಂಟೆ ರೆಸ್ಟ್ ಸಿಗ್ಬೇಕು, ವಾರಕ್ಕೆ 77 ಗಂಟೆ, ಆ 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ, ಅದ್ರಲ್ಲಿ ಒಂದು ತುಂಡು 6 ಗಂಟೆ ಆದ್ರೂ ಇರ್ಬೇಕು. ನಿಜ ಹೇಳ್ತೇನೆ, ಪೋರ್ಟಲ್ಲಿ, ಹೋಲ್ಡ್ (ಸರಕು ತುಂಬುವ ಜಾಗ) ಕ್ಲೀನಿಂಗ್ ಟೈಮಲ್ಲಿ ಇದು ಮುರೀತದೆ, ಮುರಿದದ್ದು ರೆಸ್ಟ್ ಲೆಕ್ಕ ಬರೆಯುವ ಶೀಟಲ್ಲಿ ಕಾಣುದಿಲ್ಲ, ಸರಿ ಉಂಟು ಅಂತ ತುಂಬಿಸಿ ಕ್ಯಾಡೆಟ್ ಹತ್ರ ಸಹಿ ಹಾಕ್ಸುವ ಹಡಗುಗಳೂ ಉಂಟು. 19 ವರ್ಷದ ಹುಡುಗ ಚೀಫ್ ಆಫೀಸರ್ ಎದುರು ನಿಂತು ಸಹಿ ಹಾಕುದಿಲ್ಲ ಅಂತ ಹೇಳುದು ಸುಲಭ ಅಲ್ಲ, ಅವನ ಟ್ರೈನಿಂಗ್ ರೆಕಾರ್ಡ್ ಬುಕ್‌ಗೆ ಸಹಿ ಬೇಕಾದದ್ದೂ ಅವ್ರದ್ದೇ. ಅದಕ್ಕೆ ನಾನು ಹೊಸ ಹುಡುಗ್ರಿಗೆ ಹೇಳುದು, ಒಂದು ಸಣ್ಣ ಡೈರಿಯಲ್ಲಿ ದಿನಾ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಹೊತ್ತಿಗೆ ಎದ್ದೆ ಅಷ್ಟು ಮಾತ್ರ ಬರ್ಕೊಳ್ಳಿ. ಎರಡು ವಾರ ಬರೆದ್ರೆ ನಿಮ್ಗೇ ಗೊತ್ತಾಗ್ತದೆ, ತಲೆ ಕೆಟ್ಟದ್ದಾ ಅಥವಾ ನಿದ್ದೆ ಕೆಟ್ಟದ್ದಾ ಅಂತ.

---

ಹಳೇ_ಮಾಸ್ಟರ್

ನಾನು 1986ರಲ್ಲಿ ಕ್ಯಾಡೆಟ್ ಆಗಿ ಸೇರಿ ಮಾಸ್ಟರ್ (ಕ್ಯಾಪ್ಟನ್) ಆಗಿ ರಿಟೈರ್ ಆದವನು, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಅಮ್ಮ. ಹುಡುಗ ಹೊರಡೋ ಮುಂಚೆನೇ ಅವನ ತಲೆಗೆ ಇಷ್ಟೊಂದು ಭಯ ತುಂಬಬೇಡಿ. ನಮ್ಮ ಕಾಲದಲ್ಲಿ ಮನೆಯಿಂದ ಕಾಗದ ಬರೋದು ಪೋರ್ಟಿಗೆ ಏಜೆಂಟ್ ಮೂಲಕ, ತಿಂಗಳಿಗೊಂದು ಬಂದ್ರೆ ಪುಣ್ಯ. ಫೋನ್ ಮಾಡ್ಬೇಕು ಅಂದ್ರೆ ಊರೊಳಗೆ ಹೋಗಿ ಬೂತ್ ಎದುರು ಕ್ಯೂ ನಿಲ್ಬೇಕಿತ್ತು. ಆದ್ರೂ ನಾವು ಕೆಲಸ ಕಲಿತ್ವಿ, ಒಳ್ಳೆ ನಾವಿಕರೇ ಆದ್ವಿ.

ನನ್ನ ಅನುಭವದಲ್ಲಿ ಕೆಲಸ ಚೆನ್ನಾಗಿ ಬಂದ್ರೆ ಮನಸ್ಸು ತಾನೇ ನಿಲ್ಲುತ್ತೆ. ಏನೂ ಬರದೆ ಎಲ್ಲರ ಎದುರು ಬೈಸ್ಕೊಳ್ಳೋ ಹುಡುಗನೇ ಮೊದಲು ಕುಗ್ಗೋದು. ಗಂಟು ಹಾಕೋದು, ಚಾರ್ಟ್, ಸ್ಟೀರಿಂಗ್, ಹಗ್ಗ ಎಲ್ಲಿ ನಿಂತು ಹಿಡೀಬೇಕು ಎಲ್ಲಿ ನಿಲ್ಲಬಾರದು, ಇದನ್ನ ಮೊದಲ ಎರಡು ತಿಂಗಳು ಹಠ ಹಿಡಿದು ಕಲಿತರೆ ಅರ್ಧ ಸಮಸ್ಯೆ ಇರಲ್ಲ.

ಇನ್ನೊಂದು ಈ ಮೊಬೈಲು. ನನ್ನ ಕೊನೇ ಹಡಗಲ್ಲಿ ವೈಫೈ ಬಂತು, ಎರಡೇ ವಾರದಲ್ಲಿ ಮೆಸ್‌ರೂಮ್ ಖಾಲಿ. ಮೊದಲು ಸಂಜೆ ಕೇರಂ ಆಡ್ತಿದ್ರು, ಸಿನಿಮಾ ಹಾಕ್ತಿದ್ರು, ಆಮೇಲೆ ಇಪ್ಪತ್ತು ಜನ ಇಪ್ಪತ್ತು ಬಾಗಿಲು ಹಾಕ್ಕೊಂಡು ಒಳಗೆ. ದಿನಾ ವಿಡಿಯೋ ಕಾಲ್ ಮಾಡಿ ಅಂತ ಹುಡುಗನ ಪ್ರಾಣ ತಿನ್ನಬೇಡಿ, ಅವನ ಅರ್ಧ ಮನಸ್ಸು ಊರಲ್ಲೇ ಉಳಿಯುತ್ತೆ.

---

ಫೋರ್ತ್_ಎಂಜಿನಿಯರ್

ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ, ಕೆಲಸ ಕಲಿತರೆ ಧೈರ್ಯ ಬರುತ್ತೆ ಅನ್ನೋದು ನೂರಕ್ಕೆ ನೂರು ನಿಜ. ಆದ್ರೆ ನೀವು ಸೇರಿದಾಗ ಒಂದು ಹಡಗಲ್ಲಿ ಎಷ್ಟು ಜನ ಇದ್ರಿ, ಪೋರ್ಟಲ್ಲಿ ಎಷ್ಟು ದಿನ ನಿಲ್ತಿದ್ರಿ ಅದನ್ನೂ ಹೇಳಿ ಪ್ಲೀಸ್. ನಾನು ಕಂಟೇನರ್ ಹಡಗಲ್ಲಿದ್ದೆ, ಎಷ್ಟೋ ಪೋರ್ಟಲ್ಲಿ ಒಂದು ದಿನ ಕೂಡ ನಿಲ್ಲಲ್ಲ, ಗ್ಯಾಂಗ್‌ವೇ ಇಳಿದು ನೆಲದ ಮೇಲೆ ಕಾಲಿಟ್ಟಿದ್ದು ಆರು ತಿಂಗಳಲ್ಲಿ ಮೂರು ಸಲ.

ಅಕ್ಕ, ನಾನು ಬೆಂಗಳೂರಿನವಳು, ಹಡಗಲ್ಲಿ 22 ಜನರಲ್ಲಿ ನಾನೊಬ್ಬಳೇ ಹುಡುಗಿ. ನಾನು ಬರೆಯೋದು ಬೇರೆ ವಿಷಯ, ಆದ್ರೆ ಹುಡುಗರಿಗೂ ಬೇಕಾದ್ದು. ಒಂಟಿತನ ಒಂದಾದ್ರೆ ಮೇಲಿನವನು ಬೇಕಂತ ಹಿಂಸೆ ಕೊಡೋದು ಇನ್ನೊಂದು. ಜೂನಿಯರ್ ಆಗಿದ್ದಾಗ ಒಬ್ಬ ಸೀನಿಯರ್ ದಿನಾ ಎಲ್ಲರೆದುರು ಕೆಟ್ಟ ಮಾತು, ಆಮೇಲೆ ಡ್ಯೂಟಿ ಮುಗಿದ ಮೇಲೆ ರಿಪೋರ್ಟ್ ತೋರಿಸೋಕೆ ಕ್ಯಾಬಿನ್‌ಗೇ ಬಾ ಅಂತ ಶುರು ಮಾಡಿದ. ನಾನು ಮೊದಲು ಅಂದ್ಕೊಂಡಿದ್ದು ತಪ್ಪು ನಂದೇ ಇರ್ಬೇಕು ಅಂತ. ಒಂದು ತಿಂಗಳು ಹಾಗೇ ಅಂದ್ಕೊಂಡೇ ಕಳೆದೆ.

ಆಮೇಲೆ ಮಾಡಿದ್ದು ಇಷ್ಟು. ತಾರೀಖು, ಟೈಮು, ಏನಂದ, ಯಾರು ಹತ್ರ ಇದ್ರು ಅಂತ ಬರ್ಕೊಂಡೆ. ಎಂಎಲ್‌ಸಿ ಪ್ರಕಾರ ಪ್ರತಿ ಹಡಗಲ್ಲೂ ಕಂಪ್ಲೇಂಟ್ ಕೊಡೋ ದಾರಿ ಬರಹದಲ್ಲಿ ಇರ್ಬೇಕು, ಅದರ ಪ್ರತಿ ಜಾಯ್ನ್ ಆಗುವಾಗಲೇ ಅಗ್ರಿಮೆಂಟ್ ಜೊತೆ ಕೊಡ್ಬೇಕು, ಬೇಕಾದ್ರೆ ನೇರ ಕ್ಯಾಪ್ಟನ್‌ಗೆ ಹೇಳ್ಬಹುದು, ಹಡಗಿನ ಹೊರಗೂ ಹೇಳ್ಬಹುದು, ಹೇಳಿದ್ದಕ್ಕೆ ಸೇಡು ತೀರಿಸ್ಕೊಳ್ಳೋ ಹಾಗಿಲ್ಲ. ಹೊರಗೆ ಅಂದ್ರೆ ಮೊದಲು ಡಿಪಿಎ, ಕಂಪನಿ ಆಫೀಸಲ್ಲಿ ಹಡಗಿಗೆ ಅಂತ ನೇಮಕ ಆದ ಮನುಷ್ಯ, ಅವರ ಹೆಸರು ನಂಬರ್ ಹಡಗಲ್ಲಿ ನೋಟಿಸ್ ಬೋರ್ಡ್ ಮೇಲೆ ಇರುತ್ತೆ. ನಾನು ಡಿಪಿಎಗೆ ಮೇಲ್ ಹಾಕಿದೆ. ಇದ್ದದ್ದು ಇದ್ದ ಹಾಗೆ ಹೇಳಿ ಅಂದ್ರಲ್ಲ, ಹೇಳ್ತೀನಿ, ಮುಂದಿನ ಪೋರ್ಟಲ್ಲಿ ಇಳಿಸಿದ್ದು ನನ್ನನ್ನ. ಬೇರೆ ಹಡಗು ಕೊಟ್ರು, ಸಂಬಳ ಏನೂ ಕಟ್ ಆಗ್ಲಿಲ್ಲ, ಆದ್ರೆ ಅವನು ಅಲ್ಲೇ ಉಳಿದ. ಆ ನೋವು ಇನ್ನೂ ಇದೆ. ಹಾಗಿದ್ರೂ ಹೇಳಿದ್ದು ಸರಿ ಅಂತಲೇ ನಾನು ಅಂದ್ಕೊಂಡಿದೀನಿ, ಯಾಕಂದ್ರೆ ಎರಡನೇ ಹಡಗಲ್ಲಿ ನಾನು ನಿದ್ದೆ ಮಾಡಿದೆ, ಮತ್ತೆ ನಕ್ಕೆ, ಕೆಲಸ ಕಲಿತೆ.

ಒಂದು ಒಳ್ಳೇದು ಏನಂದ್ರೆ 2026ರ ಜನವರಿ 1ರಿಂದ ಎಸ್‌ಟಿಸಿಡಬ್ಲ್ಯೂ ಅನ್ನೋ ನಾವಿಕರ ತರಬೇತಿಯ ಅಂತರರಾಷ್ಟ್ರೀಯ ನಿಯಮ ಬದಲಾಗಿದೆ, ಪಿಎಸ್‌ಎಸ್‌ಆರ್ ಅಂತ ಎಲ್ಲರೂ ಮಾಡೋ ಬೇಸಿಕ್ ಕೋರ್ಸ್ ಇದೆಯಲ್ಲ, ಅದರೊಳಗೆ ಕಿರುಕುಳ, ಬುಲ್ಲಿಯಿಂಗ್, ಲೈಂಗಿಕ ಕಿರುಕುಳ ತಡೆಯೋದು, ಅಂಥದ್ದು ಆದ್ರೆ ಏನ್ ಮಾಡ್ಬೇಕು ಅನ್ನೋದು ಕಡ್ಡಾಯ ಆಗಿದೆ. ನನಗೆ ಆ ಕೋರ್ಸಲ್ಲಿ ಇದನ್ನ ಯಾರೂ ಹೇಳಿರ್ಲಿಲ್ಲ. ತಮ್ಮ ಅದಕ್ಕಿಂತ ಮುಂಚೆ ಕೋರ್ಸ್ ಮುಗಿಸಿದ್ರೆ ಆ ಭಾಗ ಅವನಿಗೆ ಸಿಕ್ಕಿರಲ್ಲ, ಕೇಳಿ ನೋಡಿ.

---

ಅಂಕೋಲಾದ_ಅಮ್ಮ

ನಾನು ಹಡಗಿನವಳಲ್ಲ, ಹಡಗಿನವನ ತಾಯಿ. ಮಗ ಜಿಪಿ ರೇಟಿಂಗ್ ಅಂತ ಹಡಗಿನ ಸಿಬ್ಬಂದಿ ಕೋರ್ಸ್ ಮಾಡಿ ಹೋದವ, ಈಗ ಎಬಿ (ಅನುಭವಿ ನಾವಿಕ) ಆಗಿದ್ದಾನೆ. ತಂಗೀ, ನಿನ್ನ ಹೊಟ್ಟೆಯೊಳಗಿನ ಸಂಕಟ ನನಗೆ ಗೊತ್ತಾಗ್ತದೆ, ಅದಕ್ಕೇ ಬರೀತಿದ್ದೇನೆ, ಟೈಪ್ ಮಾಡೋದು ನಿಧಾನ ನನ್ದು.

2020ರಲ್ಲಿ ಅವನು ಮಾರ್ಚ್ ಕೊನೆಗೆ ಸೈನ್ ಆಫ್ ಆಗಿ ಬರಬೇಕಿತ್ತು. ಲಾಕ್‌ಡೌನ್ ಆಯ್ತು. ಆ ವರ್ಷ ಪ್ರಪಂಚದಲ್ಲಿ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದ್ರೂ ಇಳಿಯೋಕೆ ಆಗದೆ ಸಮುದ್ರದಲ್ಲೇ ಸಿಕ್ಕಿಬಿದ್ದಿದ್ರು ಅಂತ ಆಮೇಲೆ ಓದಿದೆ, ನನಗೆ ಗೊತ್ತಿದ್ದದ್ದು ಒಬ್ಬನೇ. ಮುಂದಿನ ತಿಂಗಳು ಮುಂದಿನ ತಿಂಗಳು ಅಂತ ಹೇಳ್ತಾ ಹೇಳ್ತಾ ಅಕ್ಟೋಬರ್ ಆಯ್ತು. ಪ್ರತಿ ಸಲ ಫೋನ್ ಬಂದಾಗ ನಾನು ಅಳೋದು, ಯಾವಾಗ ಬರ್ತೀ ಮಗಾ ಯಾವಾಗ ಬರ್ತೀ ಅಂತ ಅದೊಂದೇ ಕೇಳೋದು. ಒಂದು ದಿನದಿಂದ ಅವನು ಫೋನ್ ಮಾಡೋದೇ ಕಮ್ಮಿ ಮಾಡಿದ. ಸಿಗ್ನಲ್ ಇಲ್ಲ ಅಂದ. ಸಿಗ್ನಲ್ ಇತ್ತು. ಮನೆಗೆ ಬಂದ ಮೇಲೆ ಅವನೇ ಹೇಳಿದ, ಆಯಿ, ನಂದೇ ನನಗೆ ಹೊರೋಕೆ ಆಗ್ತಿರಲಿಲ್ಲ, ನಿಂದು ಬೇರೆ ಎಲ್ಲಿ ಹೊರಲಿ ಅಂತ.

ಆ ಮಾತು ನನಗೆ ಇನ್ನೂ ಕಿವಿಯಲ್ಲಿ ಉಂಟು. ಈಗ ನಾನು ಎಂತ ಮಾಡ್ತೇನೆ ಅಂದ್ರೆ ಅವನು ಫೋನ್ ಮಾಡಿದಾಗ ಮನೆ ಸುದ್ದಿ ಹೇಳ್ತೇನೆ, ದನ ಕರು ಹಾಕಿದ್ದು, ಬೇಲಿ ಬಿದ್ದದ್ದು, ಪಕ್ಕದ ಮನೆಯವರ ಮದುವೆ ಊಟಕ್ಕೆ ಎಂತ ಮಾಡಿದ್ರು, ಎಲ್ಲ ವಿವರವಾಗಿ. ಅವನಿಗೆ ಅದೇ ಬೇಕು. ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮುಚ್ಚಿಡೋದಿಲ್ಲ, ಆದ್ರೆ ಡಾಕ್ಟರ್ ಎಂತ ಹೇಳಿದ್ರು ಅಂತ ತಿಳ್ಕೊಂಡ ಮೇಲೆ ಹೇಳ್ತೇನೆ, ಅರ್ಧ ಹೇಳಿ ಭಯ ಹುಟ್ಟಿಸೋದಿಲ್ಲ. ಮತ್ತೆ ಮೆಸೇಜ್ ನೋಡಿ ಉತ್ತರ ಕೊಡ್ಲಿಲ್ಲ ಅಂದ್ರೆ ಗಾಬರಿ ಬೀಳೋದಿಲ್ಲ, ಕೆಲಸದಲ್ಲಿ ಇರ್ತಾನೆ ಅಥವಾ ಮಲಗಿರ್ತಾನೆ, ಅಲ್ಲಿಯ ಹಗಲು ನಮ್ಮ ಹಗಲು ಒಂದೇ ಅಲ್ಲ.

---

ಪ್ರೀಸೀ_ಮಾಸ್ತರ

ನಾ ಧಾರವಾಡ ಕಡೆಯಾಂವ, ಹಡಗ ಬಿಟ್ಟು ಈಗ ಹುಡುಗ್ರಿಗೆ ಪಾಠ ಮಾಡಾಕತ್ತೀನಿ. ಊಟ ಆದಮ್ಯಾಲೆ ಪಿಪಿಟಿ ಅಂದ್ರಲ್ಲ ಮೇಡಂ, ಅದು ಓದಿ ಮನಸ್ಸಿಗೆ ಚುಚ್ಚಿತ್ರಿ, ಯಾಕಂದ್ರ ಮೊದಲೆರಡು ವರ್ಷ ನಾನೂ ಹಂಗ ಮಾಡಿದ್ದೆ. ಒತ್ತಡ ಅಂದ್ರೇನು, ಲಕ್ಷಣ ಏನೇನು, ಹತ್ತು ಪಾಯಿಂಟ್, ಮುಗೀತು. ಬೆಂಕಿ ಆರಸೋದು ಪಿಪಿಟಿ ತೋರಿಸಿ ಕಲಸ್ತೀವೇನ್ರಿ? ಕೈಯಾಗ ಹೋಸ್ ಕೊಟ್ಟು ಬೆಂಕಿ ಮುಂದ ನಿಲ್ಲಸ್ತೀವಿ. ಸಹಾಯ ಕೇಳೋದೂ ಹಂಗ ಕಲಸಬೇಕು, ಬಾಯಿ ತೆರೆದು ಹೇಳಿಸಬೇಕು.

ಈಗ ನಾ ಏನ್ ಮಾಡ್ತೀನಿ ಅಂದ್ರ ಎಂಟೆಂಟು ಹುಡುಗ್ರ ಗುಂಪು ಮಾಡಿ, ಒಬ್ಬಾಂವ ಡಿಪಿಎ, ಒಬ್ಬಾಂವ ಕ್ಯಾಡೆಟ್, ಫೋನ್ ಹಚ್ಚಿ ಮಾತಾಡು ಅಂತೀನಿ. "ಸರ್, ನನಗ ನಾಕು ದಿನದಿಂದ ನಿದ್ದಿ ಬಂದಿಲ್ಲ, ಕೆಲಸದಾಗ ತಪ್ಪು ಆಗಾಕತ್ತಾವ, ನನಗ ಸಹಾಯ ಬೇಕು." ಇಷ್ಟ ಮಾತು. ಇಷ್ಟು ಹೇಳಾಕ ಹುಡುಗ್ರು ಎಷ್ಟು ಒದ್ದಾಡ್ತಾರ ಅಂದ್ರ ನೀವು ನಂಬಂಗಿಲ್ಲ. ಮೂರನೇ ಸಲಕ್ಕ ಬರ್ತೈತಿ. ಕ್ಲಾಸಿನ್ಯಾಗ ಒಮ್ಮೆ ಬಾಯಿಂದ ಬಂದ ಮಾತು ಸಮುದ್ರದಾಗೂ ಬರಬಹುದು ಅನ್ನೋದು ನನ್ನ ಆಸೆ. ನೀವೂ ಮನ್ಯಾಗ ತಮ್ಮನ ಕಡೆಯಿಂದ ಇದನ್ನ ಹೇಳಸ್ರಿ, ನಾಚಿಕಿ ಪಟ್ರೂ ಬಿಡಬ್ಯಾಡ್ರಿ.

ಹುಡುಗ್ರು ಬಾಯಿ ಬಿಡದ ಇರಾಕ ಎರಡು ಕಾರಣ ನಾ ಪದೇ ಪದೇ ನೋಡೀನಿ. ಒಂದು, ಮನಸ್ಸಿಗೆ ಬರೋಬ್ಬರಿ ಇಲ್ಲ ಅಂದ್ರ ಮೆಡಿಕಲ್ ಅನ್‌ಫಿಟ್ ಮಾಡ್ತಾರ, ಮುಂದ ಕೆಲಸ ಸಿಗಂಗಿಲ್ಲ ಅನ್ನೋ ಅಂಜಿಕಿ. ಅದಕ್ಕ ಹಡಗಿನವರಿಗೆ ಕಂಪನಿಗೆ ಗೊತ್ತಾಗದಂಗ ಮಾತಾಡೋ ಜಾಗ ಅದಾವ ಅಂತ ಮೊದಲ ಹೇಳ್ರಿ. ಸೀಫೇರರ್‌ಹೆಲ್ಪ್ ಅಂತ ಐತಿ, ಐಸ್ವಾನ್ ಅನ್ನೋ ನಾವಿಕರ ಕಲ್ಯಾಣ ಸಂಸ್ಥೆಯವ್ರು ನಡಸ್ತಾರ, 24 ತಾಸು, ಪುಕ್ಕಟೆ, ಹೇಳಿದ್ದು ಗುಟ್ಟಾಗಿ ಇರ್ತೈತಿ, ವಾಟ್ಸ್‌ಆಪ್‌ನ್ಯಾಗೂ ಮಾತಾಡಬಹುದು, ಹಡಗಿನ ವೈಫೈ ಇದ್ರ ಸಾಕು. ಸೈಲರ್ಸ್ ಸೊಸೈಟಿ ಅವ್ರದ್ದು ವೆಲ್‌ನೆಸ್ ಅಟ್ ಸೀ ಅಂತ ತರಬೇತಿ ಐತಿ, ಕ್ಯಾಡೆಟ್‌ಗಳಿಗೂ ಮಾಡ್ತಾರ. ಬಂದರದಾಗ ಮಿಷನ್ ಟು ಸೀಫೇರರ್ಸ್, ಸ್ಟೆಲ್ಲಾ ಮಾರಿಸ್ ಅವ್ರು ಹಡಗ ಹತ್ತಿ ಬಂದು ಮಾತಾಡಸ್ತಾರ, ಅವ್ರು ಚರ್ಚಿನವ್ರು ಅಂತ ದೂರ ಇರೋದು ಬ್ಯಾಡ, ಯಾವ ಧರ್ಮದವ್ರಿದ್ರೂ ಸಿಮ್ ಕಾರ್ಡ್, ಊರೊಳಗ ಹೋಗಾಕ ಗಾಡಿ, ಕೂತು ಮಾತು ಎಲ್ಲಾ ಸಿಗತಾವ. ನಮ್ಮ ದೇಶದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಾಗೂ ಮಾತಾಡ್ತಾರ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಅದು ಮನಿಯವರಿಗೂ ಐತಿ ಮೇಡಂ, ನಿಮಗ ನಿದ್ದಿ ಬರ್ಲಿಲ್ಲಂದ್ರ ನೀವೂ ಮಾಡ್ರಿ. ಮತ್ತ ಬದುಕೋದ ಬ್ಯಾಡ ಅನ್ನೋ ವಿಚಾರ ಒಂದ ಸಲ ಬಂದ್ರೂ ಬೆಳಗಾಗೂತನ ಕಾಯಬಾರದು, ಆಗಿಂದಾಗ ಕ್ಯಾಪ್ಟನ್ ಬಾಗಿಲಾದ್ರೂ ಬಡಿ, ಬ್ರಿಡ್ಜ್ (ಹಡಗು ನಡಸೋ ಕೋಣಿ) ಮ್ಯಾಲೆ ವಾಚ್ ಡ್ಯೂಟಿನ್ಯಾಗ ಇದ್ದಾಂವನ ಹತ್ರ ಆದ್ರೂ ಹೋಗು, ಒಬ್ಬನ ಇರಬ್ಯಾಡ ಅಂತ ಕಣ್ಣಾಗ ಕಣ್ಣಿಟ್ಟು ಹೇಳ್ರಿ.

ಎರಡನೇ ಕಾರಣ ಸಾಲ. ಇದನ್ನ ಯಾರೂ ವೆಲ್‌ಬೀಯಿಂಗ್ ಕ್ಲಾಸಿನ್ಯಾಗ ಹೇಳಂಗಿಲ್ಲ. ಕೋರ್ಸಿಗೆ ಲಕ್ಷಗಟ್ಟಲೆ ಹೋಗಿರ್ತೈತಿ, ಅಪ್ಪ ಹೊಲ ಅಡವಿಟ್ಟಿರ್ತಾನ, ಹುಡುಗ ಹಡಗಿನ್ಯಾಗ ಏನಾದ್ರೂ ತಡಕೋತಾನ, ಯಾಕಂದ್ರ ನಾ ಇಳಿದು ಬಂದ್ರ ಹೊಲ ಹೋಗ್ತೈತಿ ಅಂತ ಅವನ ತಲಿಯಾಗ ಕುಂತಿರ್ತೈತಿ. ಅದರ ಮ್ಯಾಲೆ ಏಜೆಂಟ್ ರೊಕ್ಕ. ಡಿಜಿ ಶಿಪ್ಪಿಂಗ್ ಅನ್ನೋ ಸರ್ಕಾರಿ ಇಲಾಖೆಯ ಲೈಸೆನ್ಸ್ ಅಂದ್ರ ಆರ್‌ಪಿಎಸ್‌ಎಲ್ ಇರೋ ಕಂಪನಿ ಕೆಲಸ ಕೊಡಸಾಕ ಹುಡುಗನ ಕಡೆಯಿಂದ ಒಂದು ರೂಪಾಯಿ ತಗೊಳ್ಳಂಗಿಲ್ಲ, ಯಾರರ ಕೇಳಿದ್ರ ಅಲ್ಲೇ ನಿಂದರ್ರಿ. ನಿಮ್ಮನ್ಯಾಗ ಸಾಲ ಐತೇನೋ ನನಗ ಗೊತ್ತಿಲ್ರಿ, ಇದ್ರ ಅದರ ಮಾತು ಹೊರಡೂ ಮುಂಚೆ ಅಪ್ಪ ಮಗ ಕೂತು ಆಡಲಿ.

---

ಹಳೇ_ಮಾಸ್ಟರ್

ಎಂಜಿನಿಯರ್ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಕೊಡ್ಬೇಕು. ನಾನು ಸೇರಿದ ಹಡಗಲ್ಲಿ ನಾವು 40ರ ಹತ್ರ ಜನ ಇದ್ವಿ, ಕ್ಯಾಡೆಟ್‌ಗಳೇ ನಾಲ್ಕು ಜನ, ಒಂದೇ ರೂಮಲ್ಲಿ ಇಬ್ಬಿಬ್ಬರು. ಜನರಲ್ ಕಾರ್ಗೋ ಹಡಗು, ಪೋರ್ಟಲ್ಲಿ ವಾರಗಟ್ಟಲೆ ನಿಲ್ತಿದ್ವಿ, ಊರು ಸುತ್ತುತ್ತಿದ್ವಿ. ನಮಗೆ ಕಾಗದ ಬರ್ತಿರ್ಲಿಲ್ಲ, ಆದ್ರೆ ಪಕ್ಕದ ಮಂಚದಲ್ಲಿ ಮನುಷ್ಯ ಇದ್ದ. ಆ ಮನುಷ್ಯ ಈಗ ಇಲ್ಲ, ಅದನ್ನ ನಾನು ಲೆಕ್ಕಕ್ಕೆ ತಗೊಂಡಿರ್ಲಿಲ್ಲ.

ನಿನಗಾದ ಅನ್ಯಾಯ ಓದಿ ಬೇಜಾರಾಯ್ತಮ್ಮ. ನನ್ನ ಹಡಗಲ್ಲೂ ಬೈಗುಳ ಇತ್ತು, ನಾನೂ ಬೈದಿದ್ದೀನಿ, ಹುಡುಗರು ಗಟ್ಟಿ ಆಗ್ತಾರೆ ಅಂತ ನಂಬಿದ್ದೆ. ಒಬ್ಬ ಕ್ಯಾಡೆಟ್ ಮೊದಲನೇ ಹಡಗಿಗೇ ಬಿಟ್ಟು ಹೋದ, ಕೆಲಸದಲ್ಲಿ ಒಳ್ಳೆ ಹುಡುಗ, ಅವನು ಯಾಕೆ ಹೋದ ಅಂತ ನಾನು ಕೇಳ್ಲಿಲ್ಲ. ಈಗ ಹಡಗಿನಲ್ಲಿ ಇರೋ ಸೀನಿಯರ್‌ಗಳು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ.

ಮೊಬೈಲ್ ಬಗ್ಗೆ ನನ್ನ ಮಾತು ನಾನು ಬಿಡಲ್ಲ. 2024ರ ಡಿಸೆಂಬರ್‌ನಿಂದ ಎಂಎಲ್‌ಸಿಯಲ್ಲೇ ಬಂದಿದೆ, ಸಾಧ್ಯ ಇದ್ದಷ್ಟೂ ಹಡಗಲ್ಲಿ ಇಂಟರ್ನೆಟ್ ಕೊಡ್ಬೇಕು, ದುಡ್ಡು ತಗೊಂಡ್ರೂ ಹೆಚ್ಚು ತಗೋಬಾರದು ಅಂತ, ಒಳ್ಳೇದೇ ಆಯ್ತು. ಆದ್ರೆ ಊಟದ ಹೊತ್ತಲ್ಲಿ ಬೇಡ, ಮಲಗೋ ಹೊತ್ತಲ್ಲಿ ಬೇಡ.

---

ಚನ್ನಗಿರಿ_ಅಕ್ಕ

ಎಲ್ಲರಿಗೂ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ, ಅಷ್ಟು ಥ್ಯಾಂಕ್ಸ್. ಎಲ್ಲಾ ರಿಪ್ಲೈ ನಾನು ತಮ್ಮನಿಗೆ ಓದಿಸಿದೆ, ಅಂಕೋಲಾದ ಅಮ್ಮ ಬರೆದಿದ್ದನ್ನ ಅಮ್ಮನಿಗೂ ಓದಿ ಹೇಳಿದೆ, ಅವ್ರು ಕೇಳಿ ಸುಮ್ನೆ ಒಳಗೆ ಹೋದ್ರು, ಆಮೇಲೆ ಬಂದು ನಾನು ಫೋನಲ್ಲಿ ಅಳಲ್ಲ ಬಿಡು ಅಂದ್ರು.

ಸಾಲದ ಮಾತು ಸರಿಯಾಗೇ ಹೇಳಿದ್ರಿ ಸರ್. ತೋಟದ ಮೇಲೆ ಸಾಲ ಇದೆ. ಭಾನುವಾರ ಊಟ ಮಾಡುವಾಗ ನಾನೇ ಮಾತು ತೆಗೆದೆ, ಅಪ್ಪ ಜಾಸ್ತಿ ಮಾತಾಡೋರಲ್ಲ, ಅನ್ನ ಕಲೆಸ್ತಾ ಕಲೆಸ್ತಾ ಹೇಳಿದ್ರು, ಸಾಲ ಮಾಡಿದ್ದು ನಾನು, ತೀರಿಸೋದು ನಾನು, ಈ ವರ್ಷ ಆಗದಿದ್ರೆ ಮುಂದಿನ ಕೊಯ್ಲಿಗೆ, ಅದನ್ನ ನೀನು ಹಡಗಿಗೆ ಹೊತ್ಕೊಂಡು ಹೋಗ್ಬೇಡ, ಆಗಲ್ಲ ಅನ್ಸಿದ್ರೆ ಬಂದ್ಬಿಡು ಅಂತ. ತಮ್ಮ ತಲೆ ಎತ್ತಲೇ ಇಲ್ಲ. ಅವತ್ತು ರಾತ್ರಿ ಟೆರೇಸ್ ಮೇಲೆ ಕೂತಿದ್ವಿ, ಮಾಸ್ತರು ಬರೆದ ಹಾಗೆ ನನಗೆ ಸಹಾಯ ಬೇಕು ಅಂತ ಹೇಳು ನೋಡೋಣ ಅಂದೆ. ನಕ್ಕ, ಹೋಗೇ ಅಂದ, ಎರಡು ಸಲ ಅರ್ಧಕ್ಕೆ ನಿಲ್ಲಿಸಿದ. ಮೂರನೇ ಸಲ ಹೇಳಿದ, ಪೂರ್ತಿ. ಆಮೇಲೆ ಅವನೇ ಕೇಳ್ದ, ಅಕ್ಕ, ಹಾಗೆ ನೇರ ಹೇಳೋಕೆ ಆಗ್ದೇ ಇದ್ರೆ ಏನ್ ಮಾಡ್ಲಿ ಅಂತ. ಅಡಿಕೆ ರೇಟ್ ಎಷ್ಟಿದೆ ಅಂತ ಕೇಳು ಸಾಕು, ನಾನು ಉಳಿದಿದ್ದೆಲ್ಲ ಬಿಟ್ಟು ನಿನ್ ಮಾತು ಕೇಳ್ತೀನಿ ಅಂದೆ. ಅವನಿಗೆ ಅಡಿಕೆ ರೇಟ್ ಬಗ್ಗೆ ಯಾವತ್ತೂ ತಲೆ ಕೆಡಿಸ್ಕೊಂಡು ಗೊತ್ತಿಲ್ಲ, ಹಾಗಾಗಿ ತಪ್ಪಿ ಕೇಳಲ್ಲ.

ಸೀಫೇರರ್‌ಹೆಲ್ಪ್ ನಂಬರ್ ಫೋನಲ್ಲೂ ಹಾಕಿದೀನಿ, ಒಂದು ಚೀಟಿಲಿ ಬರೆದು ಸಿಡಿಸಿ ಕವರಲ್ಲೂ ಇಟ್ಟಿದೀನಿ. ಪಿಎಸ್‌ಎಸ್‌ಆರ್ ಕೋರ್ಸ್ ಹೊಸ ನಿಯಮ ಬರೋ ಮುಂಚೆ ಮಾಡಿದ್ದಂತೆ, ಕಂಪನಿಯವ್ರು ಜಾಯ್ನಿಂಗ್ ಮುಂಚೆ ಬ್ರೀಫಿಂಗ್ ಕೊಡ್ತಾರಂತೆ, ಅಲ್ಲಿ ಕಂಪ್ಲೇಂಟ್ ದಾರಿ ಕಾಗದ ಕೊಡಿ ಅಂತ ಕೇಳ್ತೀನಿ ಅಂದಿದಾನೆ. ಕೇಳ್ತಾನೋ ಇಲ್ವೋ ನಾನು ಫೋನ್ ಮಾಡಿ ವಿಚಾರಿಸ್ತೀನಿ.

ಇನ್ನೊಂದು ಸಣ್ಣ ಡೌಟು, ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿ ಕೊಡ್ತೀನಿ ಅಂತ ಕೂತಿದಾರೆ, ತಗೊಂಡು ಹೋಗ್ಬಹುದಾ?

---

ಸೆಕೆಂಡ್_ಮೇಟ್_ಉಡುಪಿ

ಧಾರಾಳ ತಗೊಂಡು ಹೋಗ್ಲಿ ಅಕ್ಕ, ಕೈಚೀಲದಲ್ಲಿ ಬೇಡ, ಚೆಕ್ ಇನ್ ಬ್ಯಾಗಲ್ಲಿ, ಎಣ್ಣೆ ಸೋರದ ಹಾಗೆ ಎರಡು ಮೂರು ಕವರ್ ಸುತ್ತಿ. ಅವನು ಯಾವ ದೇಶದಲ್ಲಿ ಹಡಗು ಹತ್ತುದು ಅಂತ ನೋಡ್ಕೊಳ್ಳಿ, ಆಸ್ಟ್ರೇಲಿಯಾ ಅಂಥ ಕಡೆ ತಿನ್ನುವ ಸಾಮಾನು ಏನಿದ್ರೂ ಫಾರ್ಮಲ್ಲಿ ಬರೆದು ಹೇಳ್ಬೇಕು, ಇಲ್ಲದಿದ್ರೆ ದಂಡ ಬೀಳ್ತದೆ. ಎರಡು ಬಾಟ್ಲಿ ಕಟ್ಟಿ. ಒಂದು ಅವನ ಕ್ಯಾಬಿನ್‌ಗೆ, ಇನ್ನೊಂದು ಮೊದಲ ದಿನವೇ ಮೆಸ್‌ರೂಮಿನ ಟೇಬಲ್ ಮೇಲೆ ಇಡ್ಲಿಕ್ಕೆ ಹೇಳಿ.